ಲಾರ್ಡ್ ಹಾ-ಹಾ ಕೇಸು ಮತ್ತು ನಿಮ್ಮ ಹಳೇ ಪಾಸ್‌ಪೋರ್ಟು

ಅಮೆರಿಕದ ಪೌರತ್ವ ಪಡೆದವರು ರಜೆಗೆ ಬಂದಾಗ ಹಳೇ ಭಾರತೀಯ ಪಾಸ್‌ಪೋರ್ಟ್ ತೋರಿಸಿ, ‘ಇನ್ನೂ ಎಕ್ಸ್‌ಪೈರ್ ಆಗಿಲ್ಲ ಸಾರ್, ಸುಮ್ನೆ ಇಟ್ಕೊಂಡಿದೀನಿ’ ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಅಂಥವರಿಗೆ ನಾನು ವಿಲಿಯಂ ಜಾಯ್ಸ್ ಕೇಸು ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ನಾಜಿ ಪ್ರಚಾರ ಮಾಡಿದ ‘ಲಾರ್ಡ್ ಹಾ-ಹಾ’ ಇವನೇ. 1945ರ ಮೇನಲ್ಲಿ ಜರ್ಮನಿಯ ಫ್ಲೆನ್ಸ್‌ಬರ್ಗ್ ಹತ್ತಿರ ಸೌದೆ ಆರಿಸುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳನ್ನು ತಾನಾಗಿಯೇ ಮಾತಾಡಿಸಿದ. ದನಿಯಿಂದಲೇ ಗುರುತು ಹಿಡಿದರು. ಜೇಬಿಗೆ ಕೈ ಹಾಕಿದ್ದೇ ತಡ, ಪಿಸ್ತೂಲು ತೆಗೀತಾನೆ ಅಂತ ಗುಂಡು ಹಾರಿಸಿ ಹಿಡಿದರು.

ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ 1351ರ ರಾಜದ್ರೋಹದ ಕಾಯ್ದೆಯಡಿ ವಿಚಾರಣೆ ನಡೆಯಿತು. ಆದರೆ ಅವನು ಹುಟ್ಟಿದ್ದು ಬ್ರೂಕ್ಲಿನ್‌ನಲ್ಲಿ, ಅಮೆರಿಕದ ಪ್ರಜೆ. ಬ್ರಿಟಿಷ್ ಪ್ರಜೆ ಎಂದು ಹೊರಿಸಿದ್ದ ಎರಡು ಆರೋಪ ಬಿದ್ದುಹೋದವು. ‘ಹಾಗಾದ್ರೆ ಕೇಸು ಮುಗೀತಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮೂರನೇ ಆರೋಪ ಉಳಿದಿತ್ತು. 1933ರಲ್ಲಿ ಅವನು, ತಾನು ಹುಟ್ಟುವಾಗ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಐರ್ಲೆಂಡಿನ ಗಾಲ್ವೇಯಲ್ಲಿ ಹುಟ್ಟಿದೆ ಎಂದು ಸುಳ್ಳು ಬರೆದು ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ. 1939ರ ಆಗಸ್ಟಿನಲ್ಲಿ ಅದನ್ನೇ ಇನ್ನೊಂದು ವರ್ಷಕ್ಕೆ ನವೀಕರಿಸಿಕೊಂಡು ಬರ್ಲಿನ್ನಿಗೆ ಹೋಗಿದ್ದ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗಲ್ಲಿಗೇರಿಸಿದ್ದು ಆ ಸುಳ್ಳಿಗಲ್ಲ. ಪಾಸ್‌ಪೋರ್ಟಿನಿಂದ ಅವನು ಬ್ರಿಟಿಷ್ ಪ್ರಜೆಯಾದ ಅಂತಲೂ ಕೋರ್ಟು ಹೇಳಲಿಲ್ಲ. ಕೋರ್ಟು ಹೇಳಿದ್ದು ಇಷ್ಟೇ: ಆ ಪುಸ್ತಕ ಕೈಯಲ್ಲಿರುವಷ್ಟು ದಿನ ಹೊರದೇಶದಲ್ಲಿ ಬ್ರಿಟಿಷ್ ದೊರೆಯ ರಕ್ಷಣೆ ಕೇಳಬಹುದು, ರಕ್ಷಣೆ ಇರುವಷ್ಟು ದಿನ ನಿಷ್ಠೆಯ ಋಣವೂ ಇರುತ್ತದೆ. ಹಾಗಾಗಿ ಅವಧಿ ಮುಗಿದ 1940ರ ಜುಲೈ 2ರವರೆಗಿನ ಪ್ರಸಾರ ಮಾತ್ರ ಲೆಕ್ಕಕ್ಕೆ ಬಂತು. ಆಮೇಲೆ ವರ್ಷಗಟ್ಟಲೆ ಆಡಿದ್ದು ಲೆಕ್ಕಕ್ಕೇ ಇಲ್ಲ!

ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಶಿಕ್ಷೆ ಎತ್ತಿಹಿಡಿದರು. ಲಾರ್ಡ್ ಪೋರ್ಟರ್ ಒಬ್ಬರೇ ಒಪ್ಪಲಿಲ್ಲ. ಪ್ರಸಾರ ಮಾಡುವಾಗಲೂ ಪಾಸ್‌ಪೋರ್ಟ್ ಅವನ ಬಳಿ ಇತ್ತೇ ಎಂಬುದನ್ನು ಜ್ಯೂರಿ ತೀರ್ಮಾನಿಸಬೇಕಿತ್ತು ಎಂದರು. ಆ ಮನುಷ್ಯನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೂ ಪೋರ್ಟರ್ ಹೇಳಿದ್ದೇ ಸರಿ ಅನಿಸುತ್ತದೆ. 1946ರ ಜನವರಿ 3ರಂದು ವಾಂಡ್ಸ್‌ವರ್ತ್ ಜೈಲಿನಲ್ಲಿ ಗಲ್ಲಾಯಿತು.

ನಮ್ಮ ಕಾನೂನು ಬೇರೆ, ನಿಮ್ಮ ಮೇಲೆ ಯಾರೂ ರಾಜದ್ರೋಹ ಹೊರಿಸುವುದಿಲ್ಲ, ಹೆದರಬೇಡಿ. ಆದರೆ 1955ರ ಪೌರತ್ವ ಕಾಯ್ದೆ ಪ್ರಕಾರ, ನೀವಾಗಿಯೇ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಯಿತು. ಪಾಸ್‌ಪೋರ್ಟಿನ ಅವಧಿ ಇನ್ನೆಷ್ಟೇ ಇರಲಿ. ಅದನ್ನು ಪ್ರಯಾಣಕ್ಕೆ ಬಳಸಿದ್ದರೆ ಮೊದಲು ವಕೀಲರನ್ನು ಕಾಣಿ; ದಾಖಲೆ ನೋಡದೆ ನಾನು ಏನೂ ಹೇಳಲಾರೆ. ಬಳಸಿಲ್ಲವಾದರೆ ಸರೆಂಡರ್ ಮಾಡಿ, ಸರ್ಟಿಫಿಕೇಟ್ ತೆಗೆದುಕೊಳ್ಳಿ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿನ ಅರ್ಜಿ ಜೊತೆ ಅದನ್ನು ಕೇಳುತ್ತಾರೆ.