ನೀವು ಹೇಳಿದ್ದು ಸರಿ ಇತ್ತು, ಆದರೂ ಬ್ಲಾಕ್ ಆಯಿತು

"ನಾನು ಹೇಳಿದ್ದು ಸರಿಯೋ ತಪ್ಪೋ, ಅದನ್ನು ಮೊದಲು ಹೇಳಿ." ವಿಕಿಪೀಡಿಯದಲ್ಲಿ ಬ್ಲಾಕ್ ಆದವರ, ಅಂದರೆ ಬರೆಯದಂತೆ, ತಿದ್ದದಂತೆ ತಡೆಹಿಡಿದವರ ಮನವಿಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಬ್ಲಾಕ್ ಮಾಡುವ, ತೆಗೆಯುವ ಅಧಿಕಾರ ಇರುವ ನಿರ್ವಾಹಕ ಕೆಲಸ ಮಾಡುತ್ತಾ, ಹೊಸಬರಿಗೆ ಸಂಪಾದನೆ ಕಲಿಸುತ್ತಾ ಇಷ್ಟು ವರ್ಷವಾದರೂ ಈ ಸಾಲು ಓದಿದಾಗ ನನಗೆ ಬೇಸರವಾಗುತ್ತದೆ. ಅವರು ಹೇಳಿದ್ದು ಎಷ್ಟೋ ಸಲ ಸರಿಯೇ ಇರುತ್ತದೆ. ಅಲ್ಲೇ ತೊಂದರೆ.

ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಬೆಳಗಿನ ಕಾಫಿಗೆ ಮೊದಲೇ ನಲವತ್ತು ಕಾಗುಣಿತದ ತಪ್ಪು ತಿದ್ದಿ ಮುಗಿಸುವವರು. ಅಂಥವರು ಸಿಗುವುದು ನಮ್ಮ ಪುಣ್ಯ. ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ತನ್ನೂರಿನ ಕೆರೆಯ ಬಗ್ಗೆ ಲೇಖನ ಶುರು ಮಾಡಿದ್ದಳು. ಮೂರನೇ ಸಾಲಿನಲ್ಲಿ 'ಪ್ರಸಿದ್ಧ' ಎಂಬುದು 'ಪ್ರಸಿದ್ದ' ಆಗಿತ್ತು. ಮೇಷ್ಟ್ರು ತಿದ್ದಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಏನು ಬದಲಾಯಿಸಿದೆವು ಎಂದು ಚುಟುಕಾಗಿ ಬರೆಯುವ ಸಂಪಾದನೆಯ ಸಾರಾಂಶದಲ್ಲಿ ಹೀಗೆ ಬರೆದರು: "ಮಹಾಪ್ರಾಣ ಗೊತ್ತಿಲ್ಲದವರಿಗೆ ಇಲ್ಲೇನು ಕೆಲಸ? ಮೊದಲು ಕನ್ನಡ ಕಲಿತು ಬನ್ನಿ." ಸಾರಾಂಶದಲ್ಲಿ ಒಮ್ಮೆ ಬರೆದದ್ದನ್ನು ಬರೆದವರೇ ಅಳಿಸಲು ಬರುವುದಿಲ್ಲ. ಅದು ಇತಿಹಾಸ ಪುಟದಲ್ಲಿ ಕೂತುಬಿಡುತ್ತದೆ. ನಾನು ಆ ಹುಡುಗಿಯ ಕಾಣಿಕೆಗಳ, ಅಂದರೆ ಅವಳು ಮಾಡಿದ ಸಂಪಾದನೆಗಳ ಪಟ್ಟಿ ತೆರೆದು ನೋಡಿದೆ. ಒಟ್ಟು ಹನ್ನೊಂದು ಸಂಪಾದನೆ. ಕೊನೆಯದು ಅದೇ ರಾತ್ರಿ 9.47ಕ್ಕೆ. ಆಮೇಲೆ ಏನೂ ಇಲ್ಲ.

ಮೇಷ್ಟ್ರು ಹೊಸಬರಿಗೆ ಹೀಗೆ ಬರೆದದ್ದು ಅದು ನಾಲ್ಕನೇ ಸಲ. ಎರಡು ಸಲ ಅವರ ಚರ್ಚೆಪುಟದಲ್ಲಿ, ಅಂದರೆ ಅವರಿಗೆ ಸಂದೇಶ ಬರೆಯುವ ಪುಟದಲ್ಲಿ, ಎಚ್ಚರಿಕೆ ಕೊಟ್ಟಿದ್ದೆ. ಈ ಸಲ ಒಂದು ವಾರ ಬ್ಲಾಕ್ ಮಾಡಿದೆ. ಆರು ಪ್ಯಾರಾದ ಮನವಿ ಬಂತು. 1894ರ ಕಿಟೆಲ್ ನಿಘಂಟಿನ ಪುಟಸಂಖ್ಯೆಯೂ ಅದರಲ್ಲಿತ್ತು. ಹುಡುಗಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಹೋಗದ ವಿಷಯ ಇದು. ಬ್ಲಾಕ್ ಎಂಬುದು ತೀರ್ಪಲ್ಲ, ಶಿಕ್ಷೆಯೂ ಅಲ್ಲ. ಮುಂದೆ ಆಗಬಹುದಾದ ಹಾನಿಯನ್ನು ತಡೆಯುವುದಷ್ಟೇ ಅದರ ಕೆಲಸ. ಇಂಗ್ಲಿಷ್ ವಿಕಿಪೀಡಿಯದ ನಿಯಮದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಮದುವೆ ಊಟದಲ್ಲಿ ಬಡಿಸುವ ಹುಡುಗ ಪಂಕ್ತಿಯಲ್ಲಿ ಕೂತವರಿಗೆ "ಅನ್ನ ಚೆಲ್ತೀರಲ್ರೀ" ಎಂದು ಗದರುತ್ತಿದ್ದರೆ, ಹಿರಿಯರು ಬಂದು ಕೈಯಿಂದ ಸೌಟು ತೆಗೆದುಕೊಳ್ಳುತ್ತಾರೆ, ಅಲ್ವಾ? ಅನ್ನ ನಿಜವಾಗಿ ಚೆಲ್ಲಿತ್ತೇ ಎಂದು ಆಗ ಯಾರೂ ವಿಚಾರಣೆ ಮಾಡುವುದಿಲ್ಲ. ಮುಂದಿನ ಎಲೆಗೆ ಅವನು ಹೇಗೆ ಬಡಿಸುತ್ತಾನೆ ಎಂಬುದಷ್ಟೇ ಅವರ ಚಿಂತೆ.

ಮೂರು ಸಲದ ನಿಯಮವನ್ನೇ ನೋಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ ಬೇರೆಯವರ ಬದಲಾವಣೆಯನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದರೆ ಬ್ಲಾಕ್ ಆಗಬಹುದು. ಕಣ್ಣಿಗೆ ಕಾಣುವ ಹಾಳುಗೆಡವುವಿಕೆಯನ್ನು ಸರಿಪಡಿಸುವಂಥ ಕೆಲವು ವಿನಾಯಿತಿಗಳಿವೆ. "ನನ್ನದೇ ಸರಿ" ಎಂಬುದು ಆ ವಿನಾಯಿತಿಗಳಲ್ಲಿ ಇಲ್ಲ. ಅನಿರ್ದಿಷ್ಟ ಕಾಲದ ಬ್ಲಾಕ್ ಕೂಡ ಶಾಶ್ವತ ಎಂದಲ್ಲ. ನಂಬಿಕೆ ಬರುವಂಥ ಮಾತು ಸಿಗುವವರೆಗೆ ಎಂದರ್ಥ. ಅದಕ್ಕೇ ಸಾಮಾನ್ಯವಾಗಿ ಬ್ಲಾಕ್ ಆದವರ ಸ್ವಂತ ಚರ್ಚೆಪುಟವನ್ನು ಮಾತ್ರ ತೆರೆದಿಟ್ಟಿರುತ್ತೇವೆ.

ದೂರು ಕೊಡುವವರೂ ಇದೇ ತಪ್ಪು ಮಾಡುತ್ತಾರೆ. "ಎಂಟು ತಿಂಗಳ ಹಿಂದೆ ನನಗೆ ಹೀಗಂದಿದ್ದ, ಈಗ ಬ್ಲಾಕ್ ಮಾಡಿ" ಎಂದು ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರೂ ಮಾತಾಡುವ ಪುಟದಲ್ಲಿ, ಬರೆಯುತ್ತಾರೆ. ನೋವು ನಿಜ, ಅದನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ಆತ ಎಂಟು ತಿಂಗಳಿಂದ ಸುಮ್ಮನಿದ್ದರೆ ನಾನು ತಡೆಯುವುದು ಏನನ್ನು? ಈ ವಾರ ಬರೆದದ್ದು ಇದ್ದರೆ ಆ ಬದಲಾವಣೆಯ ಕೊಂಡಿ ಕೊಡಿ, ಸಾಕು.

ಒಂದು ಎಚ್ಚರಿಕೆಯ ಮಾತು. ಇದೆಲ್ಲ ಬಾಯಿ ಜೋರಿನ ಪ್ರಕರಣಗಳಿಗೆ. ಬೆದರಿಕೆ, ಮನೆ ವಿಳಾಸ ಬಯಲು ಮಾಡುವುದು, ಬೆನ್ನು ಹತ್ತಿ ಕಿರುಕುಳ ಕೊಡುವುದು, ಇವು ಬೇರೆ. ಅಲ್ಲಿ ಎರಡು ಎಚ್ಚರಿಕೆ ಎಂದು ಕಾಯಬಾರದು, ಅರಳಿ ಕಟ್ಟೆಯಲ್ಲಿ ಚರ್ಚೆಗೂ ಇಡಬಾರದು. ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಪ್ರತಿಷ್ಠಾನಕ್ಕೆ ಖಾಸಗಿಯಾಗಿ ಇಮೇಲ್ ಬರೆಯಿರಿ. 2020ರ ಕೊನೆಯಲ್ಲಿ ಪ್ರತಿಷ್ಠಾನದ ಮಂಡಳಿ ಒಪ್ಪಿದ ಸಾರ್ವತ್ರಿಕ ನೀತಿಸಂಹಿತೆ ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ. ಉಳಿದ ನಿಯಮಗಳು ಭಾಷೆಯಿಂದ ಭಾಷೆಗೆ ಬದಲಾಗುತ್ತವೆ, ನಿಮ್ಮ ಸಮುದಾಯದ್ದನ್ನು ಓದಿಕೊಳ್ಳಿ.

ಹಾಗೆಂದು ನಿರ್ವಾಹಕರು ಗುಟ್ಟಾಗಿ ಬ್ಲಾಕ್ ಮಾಡುತ್ತಾ ಹೋಗಬಾರದು. 2019ರ ಜೂನ್‌ನಲ್ಲಿ ಪ್ರತಿಷ್ಠಾನವೇ ಇಂಗ್ಲಿಷ್ ವಿಕಿಪೀಡಿಯದ ಅನುಭವಿ ನಿರ್ವಾಹಕರೊಬ್ಬರನ್ನು ಒಂದು ವರ್ಷ ಹೊರಗಿಟ್ಟಿತು, ಪುರಾವೆಗಳನ್ನು ಸಮುದಾಯಕ್ಕೆ ತೋರಿಸಲಿಲ್ಲ. ಸಿಟ್ಟಿನಿಂದ ಹಲವು ನಿರ್ವಾಹಕರು ಹುದ್ದೆ ಬಿಟ್ಟರು. ಆಮೇಲೆ ಜಗಳಗಳನ್ನು ತೀರ್ಮಾನಿಸುವ ಅಲ್ಲಿನ ಪಂಚಾಯ್ತಿ ಸಮಿತಿ (ಆರ್ಬಿಟ್ರೇಶನ್ ಕಮಿಟಿ) ಆ ನಿಷೇಧವನ್ನು ತೆಗೆದುಹಾಕಿತು, ನಿರ್ವಾಹಕ ಹಕ್ಕನ್ನು ಮಾತ್ರ ವಾಪಸ್ ಕೊಡಲಿಲ್ಲ. ಅಂದಿನಿಂದ ನಾನು ಪ್ರತಿ ಬ್ಲಾಕ್‌ನ ಜೊತೆ ಯಾವ ಮಾತು, ಯಾವ ದಿನ ಎಂದು ಕೊಂಡಿ ಸಮೇತ ಬರೆಯುತ್ತೇನೆ. ಮುಜುಗರವಾಗುತ್ತದೆ. ಅದರಲ್ಲೂ ನಮ್ಮಂಥ ಸಣ್ಣ ಸಮುದಾಯದಲ್ಲಿ ದಿನಾ ಕಾಣುವುದು ಅದೇ ಹತ್ತು ಹದಿನೈದು ಜನ.

ಮೇಷ್ಟ್ರಿಗೆ ಮೂರನೇ ದಿನ ಫೋನ್ ಮಾಡಿದೆ. "ಅಲ್ಲ ಕಣಪ್ಪಾ, ಪ್ರಸಿದ್ಧಕ್ಕೆ ಮಹಾಪ್ರಾಣ ಬೇಕೋ ಬೇಡವೋ?" ಅಂದರು.

"ಬೇಕು ಮೇಷ್ಟ್ರೇ. ನಾಳೆ ಇನ್ನೊಂದು ಮಗು ಅದನ್ನು ಬಿಟ್ಟು ಬರೆದರೆ ಏನ್ ಮಾಡ್ತೀರಿ?"

ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಹೊಸ ಮನವಿ ಬಂತು, ಎರಡೇ ಸಾಲು. "ಪದ ತಿದ್ದಿ, ಸಾರಾಂಶದಲ್ಲಿ 'ಕಾಗುಣಿತ' ಎಂದಷ್ಟೇ ಬರೆಯುತ್ತೇನೆ. ಹೇಳುವುದಿದ್ದರೆ ಅವರ ಚರ್ಚೆಪುಟದಲ್ಲಿ ನಮಸ್ಕಾರ ಹೇಳಿ ಶುರು ಮಾಡುತ್ತೇನೆ." ವಾರ ಮುಗಿಯಲು ಕಾಯದೆ ಆಗಲೇ ಬ್ಲಾಕ್ ತೆಗೆದೆ.

ಅವರ ಮೊದಲ ಸಂಪಾದನೆ ಆ ಹುಡುಗಿಯ ಚರ್ಚೆಪುಟದಲ್ಲಿತ್ತು. ಕ್ಷಮೆ ಕೇಳಿ, ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದರು. ಉತ್ತರ ಇನ್ನೂ ಬಂದಿಲ್ಲ. ಲೇಖನ ಏಳು ಸಾಲಿಗೆ ನಿಂತಿದೆ.