ನಂಬರ್ ದೊಡ್ಡದು, ಮೆಮೊರಿ ಚಿಕ್ಕದು: ಕಲಬುರಗಿ ಬಿಸಿಲಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಮೊನ್ನೆ ಜೇವರ್ಗಿ ಕಡೆಯ ಹುಡುಗನೊಬ್ಬ ನಮ್ಮ ಕಂಪ್ಯೂಟರ್ ಅಂಗಡಿಗೆ ಬಂದಿದ್ದ. ಗ್ರಾಫಿಕ್ಸ್ ಕಾರ್ಡಿನ (ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗ) ಎರಡು ಡಬ್ಬಿಗಳನ್ನು ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ತಿರುವಿ ತಿರುವಿ ನೋಡಿದ. ಒಂದು ಆರ್‌ಟಿಎಕ್ಸ್ 3060, ಇನ್ನೊಂದು ಆರ್‌ಟಿಎಕ್ಸ್ 4060. "ಸರ್, ಇದರ ನಂಬರ್ ದೊಡ್ಡದದ, ಮತ್ತ ಮೆಮೊರಿ ಯಾಕ ಕಡಿಮಿ ಅದ?" ಎಂದು ಕೇಳಿದ. ಕೈಯಲ್ಲಿದ್ದದ್ದು ಅಪ್ಪ ತೊಗರಿ ಮಾರಿ ಕೊಟ್ಟ ದುಡ್ಡು. ತಪ್ಪು ಕಾರ್ಡ್ ತಗೊಂಡು ಹೋದರೆ ಮತ್ತೆ ಬದಲಿಸಲು ಆಗುವ ಮನೆಯಲ್ಲ. ಅದಕ್ಕೇ ಕೂರಿಸಿಕೊಂಡು ವಿವರವಾಗಿ ಹೇಳಿದೆ.

3060 ಬಂದಿದ್ದು 2021ರ ಫೆಬ್ರುವರಿಯಲ್ಲಿ, 4060 ಬಂದಿದ್ದು 2023ರ ಜೂನ್ ಕೊನೆಗೆ. ಹಳೆಯದರಲ್ಲಿ 3584 ಕುಡಾ ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), ಹೊಸದರಲ್ಲಿ 3072. ಹಳೆಯದಕ್ಕೆ 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿ), ಸೆಕೆಂಡಿಗೆ 360 ಜಿಬಿ ಸಾಗಿಸುವ ಶಕ್ತಿ. ಹೊಸದಕ್ಕೆ 8 ಜಿಬಿ, 128 ಬಿಟ್, 272 ಜಿಬಿ. ಕಾಗದದ ಮೇಲೆ ಹಳೆಯದೇ ದೊಡ್ಡಣ್ಣ. ಆದರೂ 1080ಪಿಯಲ್ಲಿ (ಫುಲ್ ಎಚ್‌ಡಿ ಪರದೆ) ಗೇಮ್ ಆಡಿಸಿದರೆ ಹೆಚ್ಚಿನ ಗೇಮ್‌ಗಳಲ್ಲಿ 4060 ಸುಮಾರು ಶೇ 15ರಿಂದ 20ರಷ್ಟು ಮುಂದೆ ಓಡುತ್ತದೆ.

ಇದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ನೆಹರು ಗಂಜ್‌ನ ಒಂದು ಅಡತಿ ಅಂಗಡಿಯನ್ನು ನೆನೆಸಿಕೊಳ್ಳಿ. ಕಾರ್ಡಿನ ಮೆಮೊರಿ ಅಂದರೆ ಹಿಂದಿನ ಗೋದಾಮು. ಬಸ್ ಅಂದರೆ ಗೋದಾಮಿಗೂ ಗಲ್ಲೆಗೂ ನಡುವಿನ ಓಣಿ. ಗಲ್ಲೆ ಪಕ್ಕದಲ್ಲೇ ಕೈಗೆ ಸಿಗುವ ಹಾಗೆ ಇಟ್ಟ ಚೀಲಗಳು ಎಲ್2 ಕ್ಯಾಶ್. 3060ರಲ್ಲಿ ಈ ಕ್ಯಾಶ್ 3 ಎಂಬಿ, 4060ರಲ್ಲಿ 24 ಎಂಬಿ. ಎಂಟು ಪಟ್ಟು! ಕೈಗೆ ಸಿಗುವಲ್ಲೇ ಮಾಲಿದ್ದರೆ ಗೋದಾಮಿಗೆ ಪದೇ ಪದೇ ಓಡಬೇಕಿಲ್ಲ, ಓಣಿ ಚಿಕ್ಕದಾದರೂ ನಡೆಯುತ್ತದೆ. ಜೊತೆಗೆ ಕೆಲಸದವರ, ಅಂದರೆ ಕೋರ್‌ಗಳ, ಕೈಯೂ ಚುರುಕು. 3060ರ ಬೂಸ್ಟ್ ವೇಗ 1.78 ಗಿಗಾಹರ್ಟ್ಸ್, 4060ರದ್ದು 2.46.

ಆದರೆ ಗೋದಾಮೇ ತುಂಬಿದರೆ? ಆಗ ಮಾಲನ್ನು ಊರಾಚೆ ಬಾಡಿಗೆ ಗೋದಾಮಿನಲ್ಲಿ ಇಡಬೇಕಾಗುತ್ತದೆ. ಕಂಪ್ಯೂಟರಿನ ರ‍್ಯಾಮ್‌ ಅಂದರೆ ಆ ಬಾಡಿಗೆ ಗೋದಾಮು. ಅಲ್ಲಿಗೆ ಹೋಗುವ ರಸ್ತೆ ಪಿಸಿಐ ಎಕ್ಸ್‌ಪ್ರೆಸ್. 3060ಕ್ಕೆ ಈ ರಸ್ತೆಯಲ್ಲಿ 16 ಲೇನ್, 4060ಕ್ಕೆ ಎಂಟೇ ಲೇನ್. ಮದರ್‌ಬೋರ್ಡ್ ಹೊಸದಾಗಿದ್ದು ಪಿಸಿಐ 4.0 ಇದ್ದರೆ ಎಂಟು ಲೇನಿನಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ. ಹಳೆಯ 3.0 ಬೋರ್ಡಾದರೆ ಅದೂ ಅರ್ಧ. ಗೇಮ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಜಾಸ್ತಿ ಇಟ್ಟು 8 ಜಿಬಿ ದಾಟಿದ ಕ್ಷಣ ಚಿತ್ರ ತಡೆದು ತಡೆದು ಬರುವುದು ಇದೇ ಕಾರಣಕ್ಕೆ. ಹೊಸ ಕಾರ್ಡಿನ ಜಾಹೀರಾತಿನಲ್ಲಿ ಕಾಣುವ ಫ್ರೇಮ್ ಜನರೇಶನ್ ಇದಕ್ಕೆ ಮದ್ದಲ್ಲ. ಅದು ಎರಡು ಫ್ರೇಮ್‌ಗಳ (ಚಿತ್ರಗಳ) ನಡುವೆ ತಾನೇ ತಯಾರಿಸಿದ ಫ್ರೇಮ್ ಸೇರಿಸುತ್ತದೆ, ತನಗೂ ಒಂದಿಷ್ಟು ಮೆಮೊರಿ ಕೇಳುತ್ತದೆ.

ಈಗ ನಮ್ಮೂರಿನ ಮಾತಿಗೆ ಬರೋಣ. ಡಬ್ಬಿಯ ಮೇಲೆ ಯಾರೂ ನೋಡದ ಒಂದು ಅಂಕಿ ಇದೆ, ನನಗೆ ಅದೇ ಮುಖ್ಯ. 3060 ಪೂರ್ತಿ ದುಡಿದಾಗ 170 ವ್ಯಾಟ್ ತಿನ್ನುತ್ತದೆ, 4060 ತಿನ್ನುವುದು 115. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಏಕೆಂದರೆ ಫ್ಯಾನ್ ಎಳೆದುಕೊಳ್ಳುವುದು ಆ ಕೋಣೆಯ ಗಾಳಿಯನ್ನೇ. ಬೆಂಗಳೂರಿನ ಗೆಳೆಯ ಹೇಳಿದ ಟೆಂಪರೇಚರ್ ನಂಬಿಕೊಂಡು ಇಲ್ಲಿ ಕಾರ್ಡ್ ಕೊಳ್ಳಬೇಡಿ. ಕರೆಂಟ್ ಲೆಕ್ಕವೂ ಇದೆ. ದಿನಕ್ಕೆ 5 ಗಂಟೆ ಪೂರ್ತಿ ಓಡಿಸಿದರೆ, ಎರಡರ ನಡುವೆ ತಿಂಗಳಿಗೆ 8 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ದಾಲ್ ಮಿಲ್ ಹತ್ತಿರದ ಮನೆಯಿಂದ ಒಂದು 3060 ರಿಪೇರಿಗೆ ಬಂತು. ಗೇಮ್ ಶುರುವಾದ ಹತ್ತು ನಿಮಿಷಕ್ಕೆ ವೇಗ ಬೀಳುತ್ತಿತ್ತು. ಫ್ಯಾನ್ ಬಿಚ್ಚಿದೆ. ಹೀಟ್‌ಸಿಂಕಿನ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ತೊಗರಿ ಹೊಟ್ಟಿನ ಪುಡಿ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಬ್ರಷ್ ಹಚ್ಚಿದರೆ ಉದುರಲಿಲ್ಲ, ಗಟ್ಟಿಯಾಗಿ ಅಂಟಿತ್ತು. ಕೇಳಿದರೆ, ಸಿಪಿಯು ಡಬ್ಬಿಯನ್ನು ಕೂಲರ್ ಎದುರಿಗೇ ಇಟ್ಟಿದ್ದರಂತೆ. ತಂಪಾಗಿರಲಿ ಅಂತ ಪ್ರೀತಿಯಿಂದಲೇ ಇಟ್ಟದ್ದು. ಆದರೆ ಕೂಲರ್ ಗಾಳಿಯಲ್ಲಿ ತೇವ ಇರುತ್ತದೆ. ತೇವಕ್ಕೆ ಧೂಳು ಸೇರಿದರೆ ಕೆಸರು. ಮರದ ಕಡ್ಡಿಯಿಂದ ಒಂದೊಂದೇ ಸಂದು ಬಿಡಿಸಿ, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಕಾರ್ಡ್ ಮೊದಲಿನಂತೆ ಓಡಿತು.

ಬರೀ ಗೇಮ್ ಆಡುವವರಿಗೆ, ಬೋರ್ಡ್ ಹೊಸದಿದ್ದರೆ, ನಾನು ಕಣ್ಣು ಮುಚ್ಚಿ 4060 ಹೇಳುತ್ತೇನೆ. ಬಿಸಿ ಕಡಿಮೆ, ಸದ್ದು ಕಡಿಮೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಭಾರವೂ ಕಡಿಮೆ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ತಡೆದುಕೊಳ್ಳುವುದು 360 ವ್ಯಾಟ್ ಅಷ್ಟೇ ಅಲ್ವಾ?

ಮದುವೆ ವಿಡಿಯೋ ಎಡಿಟ್ ಮಾಡುವ ಬೀದರ್, ಯಾದಗಿರಿಯ ಸ್ಟುಡಿಯೋದವರಿಗೆ ಬೇರೆ ಮಾತು. ನಿಮ್ಮ ಹೊಸ ಕ್ಯಾಮೆರಾ ಬಣ್ಣದ ವಿವರ ಹೆಚ್ಚು ಹಿಡಿಯುವ 4:2:2 10 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ, ಆ ಫೈಲನ್ನು ಬಿಡಿಸುವ ಹಾರ್ಡ್‌ವೇರ್ ಈ ಎರಡೂ ಕಾರ್ಡಿನಲ್ಲಿ ಇಲ್ಲ. ಟೈಮ್‌ಲೈನ್ ತಡವರಿಸುವುದನ್ನು ನೋಡಿ ಸುಮ್ನೆ ದೊಡ್ಡ ಕಾರ್ಡಿಗೆ ದುಡ್ಡು ಸುರಿಯಬೇಡಿ. ಎಚ್.265 (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಫೈಲಾದರೆ 11ನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್ ಮಾತ್ರ ತಗೋಬೇಡಿ, ಅದರಲ್ಲಿ ಆ ಗ್ರಾಫಿಕ್ಸೇ ಇರುವುದಿಲ್ಲ. ಇನ್ನು ಅಂಥದ್ದೇ ಇನ್ನೊಂದು ವಿಧಾನವಾದ ಎವಿ1ನಲ್ಲಿ ಫೈಲ್ ಹೊರತೆಗೆಯಬೇಕು ಅನ್ನುವವರಿಗೆ 4060 ಬೇಕು. 3060 ಎವಿ1 ಓದುತ್ತದೆ, ಬರೆಯುವುದಿಲ್ಲ.

ಜೇವರ್ಗಿ ಹುಡುಗನಿಗೆ ಬೇಕಾಗಿದ್ದು ಎಐ ಕಲಿಯಲು. 1300 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಅಂಕಿಗಳು) ಭಾಷಾ ಮಾಡೆಲನ್ನು, ಒಂದೊಂದು ಅಂಕಿಯನ್ನೂ 4 ಬಿಟ್‌ಗೆ ಇಳಿಸಿದರೂ ಅದೊಂದೇ 6.5 ಜಿಬಿ ಹಿಡಿಯುತ್ತದೆ. ಅದರ ಮೇಲೆ ಮಾತುಕತೆಯ ಸಂದರ್ಭ ಇಟ್ಟುಕೊಳ್ಳಲು ಜಾಗ ಬೇಕು, ವಿಂಡೋಸಿಗೂ ಪಾಲು ಬೇಕು. 8 ಜಿಬಿಯಲ್ಲಿ ಉಸಿರುಗಟ್ಟುತ್ತದೆ, 12ರಲ್ಲಿ ಆರಾಮ. ಅವನ ಬೋರ್ಡೂ ಪಿಸಿಐ 3.0. 3060 ತಗೋ ಎಂದೆ. ಡಬ್ಬಿಯ ಮೇಲೆ 12 ಜಿಬಿ ಅಂತ ಬರೆದದ್ದನ್ನು ಬೆರಳಿಟ್ಟು ಓದಿಸಿದೆ. ಇದೇ ಹೆಸರಿನಲ್ಲಿ 8 ಜಿಬಿಯ 3060 ಕೂಡ ಇದೆ, ಅದರ ಓಣಿಯೂ 128 ಬಿಟ್, ವೇಗ 240 ಜಿಬಿಗೆ ಇಳಿಯುತ್ತದೆ. ಎಷ್ಟೋ ಮಂದಿ ಹೆಸರು ನೋಡಿ ಅದನ್ನೇ ತಂದು ಆಮೇಲೆ ಬೇಜಾರು ಮಾಡಿಕೊಂಡಿದ್ದಾರೆ.

ಊರಲ್ಲಿ ಕರೆಂಟ್ ಹೋಗುತ್ತಿರುತ್ತದೆ, ಟ್ರೇನಿಂಗ್ ನಡೆಯುವಾಗ ಆಗಾಗ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಕಲಿಕೆಯ ಪ್ರತಿ) ಸೇವ್ ಮಾಡು ಎಂದೆ. ಕಂಪ್ಯೂಟರ್ ಎಲ್ಲಿಡ್ತೀಯಪ್ಪಾ ಅಂತ ಕೇಳಿದೆ. ಫೋನಿನಲ್ಲಿ ಕೋಣೆಯ ಫೋಟೋ ತೋರಿಸಿದ. ಶಹಾಬಾದ್ ಕಲ್ಲಿನ ನೆಲ, ಕಿಟಕಿ ಪಕ್ಕ ಟೇಬಲ್, ಅದೇ ಕಿಟಕಿಯಲ್ಲಿ ಕೂಲರ್. ನಾನು ಏನೂ ಹೇಳುವ ಮೊದಲೇ ನಕ್ಕು, "ಟೇಬಲ್ ಆ ಗ್ವಾಡಿಗೆ ಸರಿಸ್ತೀನ್ರಿ ಸರ್" ಎಂದು ಡಬ್ಬಿ ಎತ್ತಿಕೊಂಡ.