ದಿನಸಿ ಅಂಗಡಿಯಲ್ಲಿ ಸಿಗದ ಕೆಂಪು ಹರಳು

ಹಾಲು, ಮೊಸರು, ತುಪ್ಪ, ಜೇನುತುಪ್ಪ, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟು ವೀಗನ್ ಆಹಾರಕ್ಕೆ ಬದಲಾಗಲು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ತರಿಸಿಕೊಳ್ಳುವುದು ಬಾದಾಮಿ ಹಾಲು, ಕ್ವಿನೋವಾ, ಚಿಯಾ ಬೀಜ ಮತ್ತು ದುಬಾರಿ ಪ್ರೋಟೀನ್ ಪುಡಿಯನ್ನು. ಮೈಸೂರು, ಮಂಡ್ಯದ ಅಡುಗೆಮನೆಗೆ ಇವುಗಳಲ್ಲಿ ಯಾವುದೂ ಅನಿವಾರ್ಯವಲ್ಲ. ಬೇಕಾದ ದಿನಸಿಯಲ್ಲಿ ಬಹುಪಾಲು ಸಂತೆಪೇಟೆಯ ಕಾಳಿನ ಅಂಗಡಿಗಳಲ್ಲಿಯೂ ದೇವರಾಜ ಮಾರುಕಟ್ಟೆಯಲ್ಲಿಯೂ ಸಿಗುತ್ತದೆ. ಅಲ್ಲಿ ಸಿಗದ, ಆದರೆ ಬಿಡಲೇಬಾರದ ಒಂದು ಪದಾರ್ಥವಿದೆ. ಅದು ಔಷಧದ ಅಂಗಡಿಯಲ್ಲಿ ಸಿಗುವ ಬಿ12 ಜೀವಸತ್ವದ ಗುಳಿಗೆ. ಪ್ರೋಟೀನ್ ಪುಡಿಗೆ ಸಾವಿರಾರು ರೂಪಾಯಿ ಕೊಡಲು ಸಿದ್ಧರಿರುವವರೇ ಈ ಅಗ್ಗದ ಗುಳಿಗೆಯನ್ನು ಕೊಳ್ಳಲು ಹಿಂಜರಿಯುವುದು ನನಗೆ ನಿಜಕ್ಕೂ ಆತಂಕದ ವಿಷಯ.

ಪ್ರೋಟೀನಿನ ಭಯವನ್ನು ಬೇಗನೆ ಮುಗಿಸೋಣ. ರಾಗಿ, ಅಕ್ಕಿಗಳಲ್ಲಿ ಪ್ರೋಟೀನಿನ ಘಟಕವಾದ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಹುರುಳಿ, ಅವರೆ, ತೊಗರಿ, ಅಲಸಂದೆಗಳಲ್ಲಿ ಅದು ಧಾರಾಳವಾಗಿದೆ. ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ರಾಗಿ ತುಂಬಿಕೊಡುತ್ತದೆ. ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರನ್ನು ಉಣ್ಣುವ ಮಂಡ್ಯದ ಮನೆಗಳು ಈ ಹೊಂದಾಣಿಕೆಯನ್ನು ರಸಾಯನಶಾಸ್ತ್ರ ಹುಟ್ಟುವ ಮೊದಲಿನಿಂದಲೂ ಪಾಲಿಸಿಕೊಂಡು ಬಂದಿವೆ. ಕಾಳುಗಳನ್ನು ನೆನೆಸಿ ಮೊಳಕೆ ಕಟ್ಟಿದರೆ ಅವುಗಳಲ್ಲಿರುವ ಫೈಟೇಸ್ ಕಿಣ್ವವು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಆ ಆಮ್ಲದ ಹಿಡಿತದಲ್ಲಿದ್ದ ಕಬ್ಬಿಣ ಮತ್ತು ಸತುವು ದೇಹಕ್ಕೆ ಹೆಚ್ಚಾಗಿ ದಕ್ಕುತ್ತವೆ. ಊಟದಲ್ಲಿಯೇ ನಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಸೇರಿಸಿಕೊಂಡು, ಕಾಫಿ, ಟೀಗಳನ್ನು ಊಟದಿಂದ ಒಂದೆರಡು ಗಂಟೆ ದೂರವಿಟ್ಟರೆ ಕಬ್ಬಿಣದ ಹೀರಿಕೆ ಇನ್ನೂ ಸುಧಾರಿಸುತ್ತದೆ.

ಹಾಲು ಬಿಟ್ಟವರ ಸುಣ್ಣದಂಶದ ಚಿಂತೆಗೂ ಉತ್ತರ ರಾಗಿಯಲ್ಲಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ರಾಗಿಯ ಕ್ಯಾಲ್ಸಿಯಂ ಹಾಲಿನದರಷ್ಟು ಸಲೀಸಾಗಿ ಹೀರಿಕೆಯಾಗುವುದಿಲ್ಲವೆಂಬುದು ನಿಜ. ಆದ್ದರಿಂದಲೇ ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿಹಿಟ್ಟಿಗೆ ಹೆಚ್ಚಿನ ಬೆಲೆಯಿದೆ. ಇಷ್ಟೊಂದು ರಾಗಿ ನಮ್ಮ ಕೈಗೆ ಸಿಗುತ್ತಿರುವುದಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ‘ರಾಗಿ ಲಕ್ಷ್ಮಣಯ್ಯ’ ಅವರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ತೆನೆಯ ಒಂದೊಂದು ಹೂವೂ ತೀರ ಚಿಕ್ಕದಾಗಿದ್ದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಂಡುಬಿಡುವ ಈ ಬೆಳೆಯಲ್ಲಿ ಸಂಕರ ಮಾಡುವುದು ಅಸಾಧಾರಣ ತಾಳ್ಮೆಯ ಕೆಲಸ.

ಮೊಸರಿನ ಜಾಗಕ್ಕೆ ಕಡಲೆಕಾಯಿ ಬೀಜ ಸಾಕು. ನೆನೆಸಿ, ರುಬ್ಬಿ, ಸೋಸಿ, ಕುದಿಸಿ ಆರಿಸಿದ ಕಡಲೆಕಾಯಿ ಹಾಲು ಹೆಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಮೊದಲ ಸಲ ಹೆಪ್ಪಿಗೆ ಮೊಸರಿಲ್ಲದಿದ್ದರೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿದರೂ ನಡೆಯುತ್ತದೆ. ಮೈಸೂರಿಗೆ ಕಡಲೆಕಾಯಿಯ ಪ್ರೋಟೀನ್ ಹೊಸದಲ್ಲ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು (ಸಿಎಫ್‌ಟಿಆರ್‌ಐ) ಮೂರು ಪಾಲು ಕಡಲೆಕಾಯಿ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟನ್ನು ಬೆರೆಸಿ ‘ಮಲ್ಟಿಪರ್ಪಸ್ ಫುಡ್’ ಎಂಬ ಪೌಷ್ಟಿಕ ಆಹಾರವನ್ನು ಸಿದ್ಧಪಡಿಸಿತ್ತು. ಹಾಲಿನ ಅಭಾವದ ಕಾಲದಲ್ಲಿ ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಮುಟ್ಟಿಸಲು ಅದಕ್ಕೆ ಕಡಲೆಕಾಯಿಯ ಪ್ರೋಟೀನನ್ನು ಸೇರಿಸಿದ ‘ಮಿಲ್ಟೋನ್’ ಕೂಡ ಅಲ್ಲಿಂದಲೇ ಬಂದದ್ದು.

ಪೊಟ್ಟಣಗಳನ್ನು ಕೊಳ್ಳುವಾಗ ಹಸಿರು ಚುಕ್ಕಿಯನ್ನಷ್ಟೇ ನಂಬಬಾರದು; ಹಾಲಿನ ಪುಡಿ, ತುಪ್ಪ, ಜೇನುತುಪ್ಪ ಇರುವ ತಿನಿಸಿಗೂ ಆ ಚುಕ್ಕಿ ಸಲ್ಲುತ್ತದೆ. ವೀಗನ್ ಆಹಾರಕ್ಕೆ ಪ್ರತ್ಯೇಕ ಚಿಹ್ನೆಯನ್ನು ನಿಗದಿಪಡಿಸಿದ ನಿಯಮಗಳು ಬಂದದ್ದು 2022ರಲ್ಲಿ. ಉಪ್ಪು ಅಯೋಡೀಕರಿಸಿದ್ದೇ ಆಗಿರಬೇಕು. ಹಾಲಿನಿಂದ ಬರುತ್ತಿದ್ದ ಅಯೋಡಿನ್ ನಿಂತುಹೋಗುವ ಹೊತ್ತಿನಲ್ಲಿಯೇ ‘ನೈಸರ್ಗಿಕ’ವೆಂದು ಸೈಂಧವ ಲವಣಕ್ಕೆ ಬದಲಾಗುವುದು ಥೈರಾಯ್ಡ್ ಗ್ರಂಥಿಗೆ ಮಾಡುವ ಅನ್ಯಾಯ. ಸ್ವಲ್ಪ ಅಗಸೆ ಬೀಜವನ್ನು ಹುರಿದು ಪುಡಿ ಮಾಡಿಟ್ಟುಕೊಂಡರೆ ಒಮೆಗಾ-3 ಕೊಬ್ಬಿನಾಮ್ಲದ ಮೂಲವೂ ಸಿಕ್ಕಂತಾಯಿತು. ಇಡೀ ಬೀಜವನ್ನು ನುಂಗಿದರೆ ಅದು ಹೆಚ್ಚಾಗಿ ಹಾಗೆಯೇ ಹೊರಗೆ ಹೋಗುತ್ತದೆ.

ಇನ್ನು ಬಿ12ರ ವಿಷಯ. ಈ ಜೀವಸತ್ವವನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ನಡುವೆ ಒಂದೇ ಒಂದು ಕೋಬಾಲ್ಟ್ ಪರಮಾಣುವನ್ನು ಹಿಡಿದಿಟ್ಟುಕೊಂಡ ಈ ಜಟಿಲ ಅಣುವನ್ನು ಕಟ್ಟುವ ಸಾಮರ್ಥ್ಯ ಇರುವುದು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಗೆ ಮಾತ್ರ. ಮಾರಕವಾಗಿದ್ದ ಒಂದು ಬಗೆಯ ರಕ್ತಹೀನತೆ ಪಿತ್ತಜನಕಾಂಗವನ್ನು ತಿನ್ನಿಸಿದರೆ ವಾಸಿಯಾಗುತ್ತದೆಂದು 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ತೋರಿಸಿದರು. ಅದರೊಳಗಿನ ಸತ್ವವಾದ ಬಿ12 ಕೆಂಪು ಹರಳುಗಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಇಂಗ್ಲೆಂಡಿನ ವಿಜ್ಞಾನಿ ಡೊರೊಥಿ ಹಾಜ್‌ಕಿನ್ ಕ್ಷಕಿರಣಗಳ ನೆರವಿನಿಂದ ಅದರ ರಚನೆಯನ್ನು ಬಿಡಿಸಿದ್ದು 1956ರಲ್ಲಿ. ಹಸುವಿನ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ, ಮುಂದಿನ ಕರುಳು ಹೀರಿಕೊಳ್ಳುತ್ತದೆ, ಅದು ಹಾಲಿಗೂ ಮಾಂಸಕ್ಕೂ ಸೇರುತ್ತದೆ. ನಮ್ಮ ದೊಡ್ಡಕರುಳಿನಲ್ಲಿಯೂ ಅಂಥ ಬ್ಯಾಕ್ಟೀರಿಯಾಗಳಿವೆ. ಆದರೆ ಬಿ12 ಹೀರಿಕೆಯಾಗುವ ಜಾಗ ಅದಕ್ಕಿಂತ ಹಿಂದೆ, ಸಣ್ಣಕರುಳಿನ ಕೊನೆಯ ಭಾಗದಲ್ಲಿದೆ. ಆದ್ದರಿಂದ ನಮ್ಮೊಳಗೇ ತಯಾರಾದದ್ದು ನಮಗೆ ದಕ್ಕದೆ ಹೋಗುತ್ತದೆ.

ಈ ಹೀರಿಕೆಯ ಕ್ರಮವಂತೂ ಬೆರಗು ಹುಟ್ಟಿಸುವಂಥದ್ದು. ಜಠರದ ಆಮ್ಲವು ಆಹಾರದಿಂದ ಬಿ12ನ್ನು ಬಿಡಿಸುತ್ತದೆ; ಜೊಲ್ಲಿನಿಂದ ಬಂದ ಒಂದು ಪ್ರೋಟೀನ್ ಅದನ್ನು ಅಪ್ಪಿಕೊಂಡು ಜಠರವನ್ನು ದಾಟಿಸುತ್ತದೆ; ಮೇದೋಜೀರಕ ಗ್ರಂಥಿಯ ಕಿಣ್ವಗಳು ಆ ಅಪ್ಪುಗೆಯನ್ನು ಕತ್ತರಿಸುತ್ತವೆ; ಬಳಿಕ ಜಠರವೇ ಸ್ರವಿಸಿದ ‘ಆಂತರಿಕ ಅಂಶ’ವೆಂಬ ಇನ್ನೊಂದು ಪ್ರೋಟೀನ್ ಅದನ್ನು ಸಣ್ಣಕರುಳಿನ ತುದಿಯವರೆಗೆ ಕರೆದೊಯ್ಯುತ್ತದೆ. ಅಲ್ಲಿನ ಗ್ರಾಹಕಗಳು ಒಂದು ಊಟಕ್ಕೆ ಸುಮಾರು ಒಂದೂವರೆ ಎರಡು ಮೈಕ್ರೋಗ್ರಾಂಗಿಂತ ಹೆಚ್ಚನ್ನು ಒಳಗೆ ಬಿಡಲಾರವು. ಮಂಡ್ಯದಿಂದ ಮೈಸೂರಿಗೆ ಹೊರಡುವ ಬಸ್ಸಿನಲ್ಲಿ ಸೀಟುಗಳು ಇಷ್ಟೇ ಎಂದಿರುವಾಗ, ನಿಲ್ದಾಣದಲ್ಲಿ ನೂರು ಜನರಿದ್ದರೂ ಸಾವಿರ ಜನರಿದ್ದರೂ ಆ ಬಸ್ಸಿನಲ್ಲಿ ಕುಳಿತು ಹೋಗುವವರ ಸಂಖ್ಯೆ ಬದಲಾಗುವುದಿಲ್ಲ. ಉಳಿದವರು ಮುಂದಿನ ಬಸ್ಸಿಗೆ ಕಾಯಬೇಕು, ಮತ್ತು ಇಲ್ಲಿ ಆ ಬಸ್ಸು ಬರಲು ಕೆಲವು ಗಂಟೆಗಳೇ ಬೇಕು. ಇದಲ್ಲದೆ, ಯಾವ ವಾಹಕವೂ ಇಲ್ಲದೆ ಕರುಳಿನ ಗೋಡೆಯ ಮೂಲಕ ನುಸುಳುವುದು ಶೇಕಡಾ ಒಂದರಷ್ಟು. ಆದ್ದರಿಂದ 1000 ಮೈಕ್ರೋಗ್ರಾಂ ಗುಳಿಗೆಯೊಂದನ್ನು ನುಂಗಿದಾಗ ರಕ್ತಕ್ಕೆ ಸೇರುವುದು ಹತ್ತು ಹನ್ನೆರಡು ಮೈಕ್ರೋಗ್ರಾಂ ಮಾತ್ರ. ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂ ಆಸುಪಾಸು ಎಂದಮೇಲೆ ಗುಳಿಗೆಯ ಮೇಲೆ ಅಷ್ಟು ದೊಡ್ಡ ಅಂಕಿ ಏಕೆ ಇರುತ್ತದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅದನ್ನು ಕಂಡು ಹೆದರಬೇಕಾಗಿಲ್ಲ.

ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಅಣಬೆ ತಿಂದರೆ ಸಾಕು, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬೇಕಾದಷ್ಟಿದೆ ಎಂಬ ಮಾತುಗಳು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇವೆ. ಹಿಟ್ಟಿನಲ್ಲಿಯೂ ಅಣಬೆಯಲ್ಲಿಯೂ ನಂಬಿಕೊಳ್ಳುವಷ್ಟು ಪ್ರಮಾಣ ಇರುವುದಿಲ್ಲ. ಸ್ಪಿರುಲಿನಾ ಬೆಳೆಸುವ ವಿಧಾನಗಳ ಬಗ್ಗೆ ನಮ್ಮ ಸಿಎಫ್‌ಟಿಆರ್‌ಐಯಲ್ಲಿಯೇ ಬಹಳ ಕೆಲಸ ನಡೆದಿದೆ ಮತ್ತು ಅದರ ಪ್ರೋಟೀನ್ ಉತ್ತಮವಾದದ್ದೇ. ಆದರೆ ಅದರಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ, ಮನುಷ್ಯರ ದೇಹದಲ್ಲಿ ಕೆಲಸಕ್ಕೆ ಬಾರದ ಹುಸಿ ಅಣು. ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿಯಲ್ಲಿ ನಿಜವಾದ ಬಿ12 ಇದೆ, ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ. ಅದರಲ್ಲಿ ಬೆರೆಸಿರುವ ಬೇರೆ ಬಣ್ಣದ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಆದರೂ ನಿಯಮದ ಪ್ರಕಾರ ಆ ಅಕ್ಕಿಯ ಒಂದು ಕಿಲೋದಲ್ಲಿ ಇರುವ ಬಿ12 0.75ರಿಂದ 1.25 ಮೈಕ್ರೋಗ್ರಾಂ ಅಷ್ಟೇ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೂ ಅದು ಸಾಲದು.

ಕೊರತೆ ಕೂಡಲೇ ಕಾಣಿಸಿಕೊಳ್ಳುವುದಿಲ್ಲವೆಂಬುದೇ ಈ ವಿಷಯದಲ್ಲಿ ಮೋಸಗೊಳಿಸುವ ಸಂಗತಿ. ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರಬಹುದು. ಮೊದಲಿನಿಂದ ಬಾಡೂಟ ಮಾಡಿದವರಲ್ಲಿ ಅದು ಹೆಚ್ಚಿದ್ದರೆ, ಹುಟ್ಟಿನಿಂದ ಸಸ್ಯಾಹಾರಿಗಳಾಗಿ ಹಾಲು ಮೊಸರನ್ನಷ್ಟೇ ನೆಚ್ಚಿದವರಲ್ಲಿ ಕಡಿಮೆ ಇರುತ್ತದೆ. ಇವರು ಹಾಲನ್ನು ಬಿಡುವ ಮುನ್ನವೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಇನ್ನೊಂದು ತೊಡಕಿಗೆ ಮುಂಬೈಯ ಇತಿಹಾಸವಿದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡರು; ಅದರಲ್ಲಿದ್ದ ಸತ್ವವೇ ಮುಂದೆ ಫೋಲೇಟ್ ಎಂದು ಗೊತ್ತಾಯಿತು. ರಕ್ತಕಣಗಳ ತಯಾರಿಕೆಯಲ್ಲಿ ಫೋಲೇಟ್ ಮತ್ತು ಬಿ12 ಜೊತೆಗಾರರು. ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ನುಂಗುತ್ತಿದ್ದರೆ ಬಿ12 ಇಲ್ಲದಿದ್ದರೂ ರಕ್ತ ಸುಧಾರಿಸಿದಂತೆ ಕಾಣಬಹುದು; ಆದರೆ ನರಗಳ ಹೊದಿಕೆ ಸವೆಯುವುದು ಅದರಿಂದ ನಿಲ್ಲುವುದಿಲ್ಲ. ಅಂಗಾಲು ಜುಮ್ಮೆನ್ನುವುದು, ಕತ್ತಲಲ್ಲಿ ನಡೆಯುವಾಗ ಸಮತೋಲ ತಪ್ಪುವುದು, ಮರೆವು, ಇವುಗಳನ್ನು ವಯಸ್ಸಿನ ತಲೆಗೆ ಕಟ್ಟಿ ತಡಮಾಡಿದರೆ ಹಾನಿ ಶಾಶ್ವತವಾಗಬಹುದು.

ಬಸುರಿ, ಬಾಣಂತಿಯರಿರುವ ಮನೆಯಲ್ಲಿ ಬಿ12ರ ವ್ಯವಸ್ಥೆ ವೈದ್ಯರ ಸಲಹೆಯೊಂದಿಗೆ ಮೊದಲೇ ಆಗಬೇಕು. ತಾಯಿಯಲ್ಲಿ ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಬಿ12 ಕಡಿಮೆಯಾಗುತ್ತದೆ. ಬರೀ ಎದೆಹಾಲನ್ನೇ ಕುಡಿಯುವ ಮಗು ಕೆಲವೇ ತಿಂಗಳುಗಳಲ್ಲಿ ಮಂಕಾಗಿ, ಕಲಿತಿದ್ದ ನಗುವನ್ನೂ ಕತ್ತು ನಿಲ್ಲಿಸುವುದನ್ನೂ ಕಳೆದುಕೊಂಡು, ಕೈಕಾಲು ನಡುಗುವ ಸ್ಥಿತಿಗೆ ತಲುಪುವುದನ್ನು ಭಾರತದ ಮಕ್ಕಳ ವೈದ್ಯರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ವಯಸ್ಕರಿಗೆ ಇರುವ ವರ್ಷಗಳ ದಾಸ್ತಾನು ಆ ಕೂಸಿಗೆ ಇರುವುದಿಲ್ಲ.